ಅಂಡಾಶಯದ ಆರಂಭಿಕ ಕ್ಯಾನ್ಸರಿನಲ್ಲಿ ಸಂತಾನರಕ್ಷಕ ಶಸ್ತ್ರಚಿಕಿತ್ಸೆ

ಅಂಡಾಶಯದಲ್ಲಿ ಹುಟ್ಟಿದ ಕ್ಯಾನ್ಸರು ಆ ಅಂಗದ ಎಲ್ಲೆಯನ್ನು ಇನ್ನೂ ಮೀರದಿರುವಾಗ, ರೋಗ ತಗುಲಿದ ಅಂಡಾಶಯವನ್ನೂ ಅದರ ಪಕ್ಕದ ಅಂಡನಾಳವನ್ನೂ ಮಾತ್ರ ತೆಗೆದು, ಗರ್ಭಾಶಯವನ್ನೂ ಎದುರು ಪಾರ್ಶ್ವದ ಆರೋಗ್ಯವಾದ ಅಂಡಾಶಯವನ್ನೂ ಉಳಿಸಿ, ಆ ಸ್ತ್ರೀ ಮುಂದೆ ಬಸಿರು ಧರಿಸುವ ಸಾಮರ್ಥ್ಯವನ್ನು ಕಾಪಾಡುವ ಚಿಕಿತ್ಸಾಕ್ರಮಕ್ಕೆ ಸಂತಾನರಕ್ಷಕ ಶಸ್ತ್ರಚಿಕಿತ್ಸೆಯೆಂದು ಹೆಸರು. ಈ ರೋಗಕ್ಕೆ ವಿಹಿತವಾದ ಪೂರ್ಣ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು, ಎರಡೂ ನಾಳಗಳನ್ನು, ಗರ್ಭಾಶಯವನ್ನು, ಕರುಳುಗಳ ಮೇಲೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪೊರೆಯಾದ ವಪೆಯನ್ನು ಒಟ್ಟಿಗೇ ತೆಗೆಯುವುದು ವಾಡಿಕೆ. ಮುಟ್ಟು ನಿಂತ ಹೆಂಗಸಿನಲ್ಲಿ ಇದರಿಂದಾಗುವ ನಷ್ಟ ಸಹಿಸತಕ್ಕದ್ದು. ಆದರೆ ಹದಿನೆಂಟರ ಹುಡುಗಿಯಲ್ಲಾಗಲಿ, ಮೂವತ್ತರ ಪ್ರಾಯದಲ್ಲಿ ಮೊದಲ ಮಗುವಿಗಾಗಿ ಕಾದಿರುವ ಗೃಹಿಣಿಯಲ್ಲಾಗಲಿ, ಅದು ತಾಯ್ತನದ ದಾರಿಯನ್ನು ಮುಚ್ಚಿಬಿಡುವುದಲ್ಲದೆ, ಅಂಡಾಶಯದಿಂದ ಸ್ರವಿಸುತ್ತಿದ್ದ ಈಸ್ಟ್ರೊಜೆನ್ ಹಾರ್ಮೋನು ಒಮ್ಮೆಗೇ ನಿಂತುಹೋಗಿ, ಮೈಬಿಸಿ, ನಿದ್ರಾಹೀನತೆ, ಮೂಳೆಗಳ ಸವೆತ, ಹೃದ್ರೋಗದ ಹೆಚ್ಚಿದ ಸಂಭವ ಮೊದಲಾದವನ್ನು ಅಕಾಲದಲ್ಲಿ ತಂದೊಡ್ಡುತ್ತದೆ. ಉಳಿಸಬಹುದಾದುದನ್ನು ಉಳಿಸಬೇಕೆಂಬ ಆಶಯ ಈ ನೋವಿನಿಂದ ಹುಟ್ಟಿತು. ಯಾರಲ್ಲಿ, ಏನನ್ನು, ಯಾವ ನಿಬಂಧನೆಗಳ ಮೇರೆಗೆ ಉಳಿಸಬಹುದೆಂಬ ವಿವೇಚನೆ ಅದರ ಬೆನ್ನಿಗೆ ನಿಧಾನವಾಗಿ ಬೆಳೆದುಬಂದಿತು.

ಈ ಚಿಕಿತ್ಸೆಗೆ ಶರೀರರಚನೆಯೇ ಆಧಾರ ಒದಗಿಸಿದೆ. ಅಂಡಾಶಯಗಳು ಎರಡು, ಒಂದನ್ನು ತೆಗೆದರೂ ಮತ್ತೊಂದು ಋತುಚಕ್ರವನ್ನು ನಡೆಸಿಕೊಂಡು ಹೋಗಬಲ್ಲುದು. ಹಾಲೆಂಡಿನ ರೆಗ್ನಿಯರ್ ದ ಗ್ರಾಫ್ 1672ರಲ್ಲಿ ಅಂಡಾಶಯದೊಳಗಿನ ಕೋಶಿಕೆಗಳನ್ನು ವರ್ಣಿಸಿದ ಮೇಲೆ, 1827ರಲ್ಲಿ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಸಸ್ತನಿಗಳ ಅಂಡಾಣುವನ್ನೇ ಕಣ್ಣಾರೆ ಕಂಡುಹಿಡಿಯುವುದಕ್ಕೆ ಒಂದೂವರೆ ಶತಮಾನವೇ ಬೇಕಾಯಿತು. ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಬೀಜಗಳಿದ್ದು, ಮೈನೆರೆಯುವ ಹೊತ್ತಿಗೆ ಅವು 3–4 ಲಕ್ಷಕ್ಕೆ ಇಳಿದಿರುತ್ತವೆ. ಅವುಗಳಲ್ಲಿ ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುವು ನಾನೂರರಷ್ಟು ಮಾತ್ರ. ನಿಸರ್ಗದ ಈ ಔದಾರ್ಯದಿಂದಲೇ ಒಂಟಿ ಅಂಡಾಶಯದ ಸ್ತ್ರೀಯೂ ಸಹಜವಾಗಿ ಗರ್ಭವತಿಯಾಗಬಲ್ಲಳು. ಮುಟ್ಟು ನಿಲ್ಲುವ ಕಾಲ ಮಾತ್ರ ಅವಳಲ್ಲಿ ತುಸು ಬೇಗ ಬರಬಹುದು.

ಇತಿಹಾಸವನ್ನು ನೋಡಿದರೆ ಅಂಡಾಶಯದ ಶಸ್ತ್ರಚಿಕಿತ್ಸೆ ಒಂದು ಪಾರ್ಶ್ವದ ಚಿಕಿತ್ಸೆಯಾಗಿಯೇ ಆರಂಭವಾಯಿತು. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಎಫ್ರಾಯಿಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯನು, ಅರವತ್ತು ಮೈಲಿ ದೂರದಿಂದ ಕುದುರೆಯ ಮೇಲೆ ಬಂದಿದ್ದ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಉದರವನ್ನು ತೆರೆದು, 22 ಪೌಂಡಿಗೂ ಮೀರಿದ ತೂಕದ ಅಂಡಾಶಯದ ಗಡ್ಡೆಯನ್ನು ಹೊರತೆಗೆದನು. ಅರಿವಳಿಕೆ ಇನ್ನೂ ಬಾರದಿದ್ದ ಆ ದಿನಗಳಲ್ಲಿ ಆ ವೇದನೆಯನ್ನು ಎಚ್ಚರದಲ್ಲಿಯೇ ಸಹಿಸಿದ ಆಕೆ ತರುವಾಯ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದಳು. ವೈದ್ಯನ ಧೈರ್ಯವನ್ನು ಕೊಂಡಾಡುವವರು ರೋಗಿಯ ಧೈರ್ಯವನ್ನು ಮರೆಯಲಾಗದು. ಇಪ್ಪತ್ತನೆಯ ಶತಮಾನದಲ್ಲಿ ಅರಿವಳಿಕೆ ಸುಧಾರಿಸಿ, ರಕ್ತಪೂರಣವೂ ಪ್ರತಿಜೈವಿಕಗಳೂ ಕೈಸೇರಿ ದೊಡ್ಡ ಶಸ್ತ್ರಚಿಕಿತ್ಸೆಗಳು ಸುರಕ್ಷಿತವಾದ ಮೇಲೆ, ಕ್ಯಾನ್ಸರೆಂದೊಡನೆ ಎಲ್ಲವನ್ನೂ ತೆಗೆಯುವುದೇ ವಿಧಿಯಾಯಿತು. ಎದುರು ಅಂಡಾಶಯದಲ್ಲಿ ರೋಗ ಅಡಗಿದ್ದೀತೆಂಬ ಅಂಜಿಕೆ ಆ ವಿಧಿಯ ಬುಡದಲ್ಲಿತ್ತು. ಅಂಜಿಕೆ ನಿರಾಧಾರವೇನೂ ಅಲ್ಲ. ಆದರೆ ಅದು ಎಲ್ಲ ಬಗೆಯ ಗಡ್ಡೆಗಳಿಗೂ ಸಮನಾಗಿ ಅನ್ವಯಿಸುವುದಿಲ್ಲವೆಂಬುದು ಸೂಕ್ಷ್ಮದರ್ಶಕದ ಕೆಳಗೆ ಗಡ್ಡೆಗಳ ಜಾತಿಗಳನ್ನು ಬೇರ್ಪಡಿಸುತ್ತ ಬಂದ ಹಾಗೆ ತಿಳಿದುಬಂದಿತು.

ರೋಗದ ವ್ಯಾಪ್ತಿಯನ್ನು ಅಳೆಯುವುದಕ್ಕೆ ಫಿಗೊ ಎಂದು ಪ್ರಸಿದ್ಧವಾದ, 1954ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿತಜ್ಞರ ಒಕ್ಕೂಟದ ಹಂತವಿಭಾಗವೇ ಪ್ರಮಾಣ. ಅದರ ಈಚಿನ ರೂಪ 2014ರದು. ಮೊದಲನೆಯ ಹಂತವೆಂದರೆ ರೋಗ ಅಂಡಾಶಯಕ್ಕೇ (ಅಥವಾ ಅಂಡನಾಳಕ್ಕೇ) ಸೀಮಿತವಾಗಿರುವುದು. ಅದರಲ್ಲಿ ಒಂದೇ ಅಂಡಾಶಯ ಕೆಟ್ಟು, ಹೊರಕವಚ ಒಡೆಯದೆ, ಮೇಲ್ಮೈಯಲ್ಲಿ ರೋಗವಿಲ್ಲದೆ, ಉದರವನ್ನು ತೊಳೆದ ನೀರಿನಲ್ಲಿಯೂ ಕ್ಯಾನ್ಸರಿನ ಕೋಶಗಳಿಲ್ಲದಿದ್ದರೆ ಅದು ಒಂದು-ಎ. ಎರಡೂ ಅಂಡಾಶಯಗಳಲ್ಲಿದ್ದರೆ ಒಂದು-ಬಿ. ಶಸ್ತ್ರಚಿಕಿತ್ಸೆಯ ವೇಳೆ ಗಡ್ಡೆ ಒಡೆದು ಚೆಲ್ಲಿದರೆ, ಮೊದಲೇ ಒಡೆದಿದ್ದರೆ ಅಥವಾ ಮೇಲ್ಮೈಗೆ ಬಂದಿದ್ದರೆ, ಜಲೋದರದಲ್ಲಿ ಇಲ್ಲವೆ ತೊಳೆದ ನೀರಿನಲ್ಲಿ ಕೋಶಗಳು ಕಂಡರೆ, ಅನುಕ್ರಮವಾಗಿ ಒಂದು-ಸಿಯ ಮೂರು ಉಪವಿಭಾಗಗಳು. ಸಂತಾನರಕ್ಷಕ ಶಸ್ತ್ರಚಿಕಿತ್ಸೆಯ ಮುಖ್ಯ ಕ್ಷೇತ್ರ ಈ ಮೊದಲನೆಯ ಹಂತವೇ. ದುರದೃಷ್ಟವಶಾತ್ ಈ ರೋಗ ಹೊಟ್ಟೆಯುಬ್ಬರ, ಅಜೀರ್ಣ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುವುದು ಮುಂತಾದ ಸಾಮಾನ್ಯ ಲಕ್ಷಣಗಳಲ್ಲಿ ಅಡಗಿಕೊಂಡು ಬೆಳೆಯುವುದರಿಂದ, ಹೊದಿಕೆ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರುಗಳ ಬಹುಭಾಗ ಬೆಳಕಿಗೆ ಬರುವಷ್ಟರಲ್ಲಿ ಈ ಹಂತವನ್ನು ದಾಟಿರುತ್ತದೆ.

ಆದರೆ ಗಡ್ಡೆ ಅಂಡಾಶಯದಲ್ಲಿ ಮಾತ್ರ ಇದೆಯೆಂದು ಕಣ್ಣಿಗೆ ತೋರುವುದು ಬೇರೆ, ಅದು ನಿಜವಾಗಿ ಹಾಗಿರುವುದು ಬೇರೆ. ಅಮೆರಿಕದಲ್ಲಿ 1983ರಲ್ಲಿ ರಾಬರ್ಟ್ ಯಂಗ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು: ಆರಂಭದ ಹಂತದ ರೋಗವೆಂದು ಮೊದಲ ಶಸ್ತ್ರಚಿಕಿತ್ಸೆಯಲ್ಲಿ ನಂಬಲಾಗಿದ್ದ 100 ಸ್ತ್ರೀಯರನ್ನು ಮತ್ತೆ ಕ್ರಮವಾಗಿ ಪರೀಕ್ಷಿಸಿದಾಗ 31 ಮಂದಿಯಲ್ಲಿ ರೋಗ ಮುಂದಿನ ಹಂತಕ್ಕೆ ಹೋಗಿದ್ದುದು ಗೊತ್ತಾಯಿತು, ಆ 31 ಮಂದಿಯಲ್ಲಿ ಹೆಚ್ಚಿನವರದು ವಾಸ್ತವವಾಗಿ ಮೂರನೆಯ ಹಂತವಾಗಿತ್ತು. ಆದಕಾರಣ ಕಡಿಮೆ ಕತ್ತರಿಸುವುದೆಂದರೆ ಕಡಿಮೆ ಹುಡುಕುವುದೆಂದು ಯಾರೂ ಭಾವಿಸಲಾಗದು. ಗರ್ಭಾಶಯವನ್ನುಳಿಸಲು ಹೊರಟ ಶಸ್ತ್ರವೈದ್ಯನು ಉದರವನ್ನು ತೆರೆದೊಡನೆ ಅಲ್ಲಿರುವ ದ್ರವವನ್ನು ಸಂಗ್ರಹಿಸಬೇಕು, ಇಲ್ಲದಿದ್ದರೆ ಲವಣಜಲದಿಂದ ತೊಳೆದು ಆ ನೀರನ್ನು ಪರೀಕ್ಷೆಗೆ ಕಳುಹಿಸಬೇಕು, ವಪೆಯನ್ನು ತೆಗೆಯಬೇಕು, ಗರ್ಭಾಶಯದ ಹಿಂದಣ ಕುಳಿಯಿಂದ ಹಿಡಿದು ದೊಡ್ಡ ಕರುಳಿನ ಇಕ್ಕೆಲಗಳ ಕಾಲುವೆಗಳನ್ನೂ ಹಾದು ಯಕೃತ್ತಿನ ಮೇಲಣ ವಿಭಾಜಕ ಪಟಲದ ಪರ್ಯಂತ ಉದರದ ಒಳಪೊರೆಯನ್ನು ಮುಟ್ಟಿ ನೋಡಿ, ಸಂಶಯವಿರುವಲ್ಲಿಯೂ ಇಲ್ಲದಿರುವಲ್ಲಿಯೂ ಚಿಕ್ಕ ತುಣುಕುಗಳನ್ನು ತೆಗೆಯಬೇಕು, ಗಡ್ಡೆಯ ಜಾತಿ ಬೇಡುವಂತಿದ್ದರೆ ದುಗ್ಧರಸ ಗ್ರಂಥಿಗಳನ್ನೂ ಪರೀಕ್ಷಿಸಬೇಕು. ಈ ಶ್ರಮ ಜೀವರಕ್ಷಣೆಯೊಂದಿಗೆ ಸಂತಾನರಕ್ಷಣೆಗೂ ನೇರವಾಗಿ ಉಪಕರಿಸುತ್ತದೆ. 2003ರಲ್ಲಿ ಪ್ರಕಟವಾದ ಯುರೋಪಿನ ‘ಆ್ಯಕ್ಷನ್’ ಅಧ್ಯಯನದ 448 ಸ್ತ್ರೀಯರಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಮಾತ್ರ ಇಂತಹ ಪೂರ್ಣ ಹಂತನಿರ್ಣಯವಾಗಿತ್ತು. ಶಸ್ತ್ರಚಿಕಿತ್ಸೆಯ ಬಳಿಕದ ಕೀಮೋಥೆರಪಿಯಿಂದ ಪ್ರಯೋಜನ ಕಂಡದ್ದು ಹಂತನಿರ್ಣಯ ಅಪೂರ್ಣವಾಗಿದ್ದವರಲ್ಲಿ, ಪೂರ್ಣವಾಗಿದ್ದವರಲ್ಲಿ ಅದು ಸ್ಪಷ್ಟವಾಗಿ ತೋರಲಿಲ್ಲ. ಔಷಧ ಅಲ್ಲಿ ಕಾಣದೆ ಉಳಿದಿದ್ದ ರೋಗದ ಮೇಲೆ ಕೆಲಸಮಾಡುತ್ತಿದ್ದಿತೆಂದೇ ಇದರ ಅರ್ಥವಿರಬೇಕು. ಸರಿಯಾಗಿ ಹುಡುಕಿದರೆ ಎಷ್ಟೋ ಮಂದಿಗೆ ಅಂಡಬೀಜಗಳನ್ನು ಬಾಧಿಸುವ ಮದ್ದುಗಳೇ ಬೇಕಾಗುವುದಿಲ್ಲ.

ಶಸ್ತ್ರಕ್ರಿಯೆಯಲ್ಲಿ ಮುಖ್ಯ ನಿಯಮ, ಗಡ್ಡೆಯನ್ನು ಒಡೆಯದಂತೆ ಇಡಿಯಾಗಿ ಹೊರತರುವುದು. ಇಗ್ನೇಸ್ ವೆರ್ಗೋಟೆ ಮತ್ತು ಸಂಗಡಿಗರು 1545 ಸ್ತ್ರೀಯರ ವೃತ್ತಾಂತಗಳನ್ನು ಒಟ್ಟುಗೂಡಿಸಿ 2001ರಲ್ಲಿ ತೋರಿಸಿದಂತೆ, ಭವಿಷ್ಯವನ್ನು ಎಲ್ಲಕ್ಕಿಂತ ಬಲವಾಗಿ ಸೂಚಿಸುವುದು ಕೋಶಗಳ ವಿಕಾರದ ದರ್ಜೆ. ಅದರ ಬಳಿಕ ಗಡ್ಡೆ ಒಡೆಯುವುದೂ ಗಣ್ಯವಾದ ಕಾರಣವೇ. ಉದರದರ್ಶಕದ ಮೂಲಕ ಸಣ್ಣ ರಂಧ್ರಗಳಿಂದ ನಡೆಸುವ ಚಿಕಿತ್ಸೆಯಲ್ಲಿ ನೋವು, ಅಂಟುಗಟ್ಟುವಿಕೆ ಎರಡೂ ಕಡಿಮೆಯಾದುದರಿಂದ ಸಂತಾನದ ದೃಷ್ಟಿಯಿಂದ ಅದು ಮೇಲಾದರೂ, ದೊಡ್ಡ ಗಡ್ಡೆಯನ್ನು ಚೀಲದಲ್ಲಿಟ್ಟು ಚೆಲ್ಲದಂತೆ ತೆಗೆಯಲಾಗದಿದ್ದರೆ ನೀಳವಾಗಿ ಹೊಟ್ಟೆಯನ್ನು ತೆರೆಯುವುದೇ ಲೇಸು. ಎದುರು ಅಂಡಾಶಯ ಕಣ್ಣಿಗೂ ಕೈಗೂ ನಿರ್ದೋಷವೆಂದು ತೋರಿದರೆ ಅದರಿಂದ ತುಣುಕು ತೆಗೆಯಬಾರದೆಂಬುದು ಈಗಿನ ಮತ. ಹಿಂದೆ ಇದು ರೂಢಿಯಲ್ಲಿತ್ತು, ಆದರೆ ಅದರಿಂದಾಗುವ ಅಂಟುಗಳೂ ಅಂಡಬೀಜಗಳ ನಷ್ಟವೂ ಉಳಿಸಿದ ಅಂಗವನ್ನೇ ನಿಷ್ಫಲಗೊಳಿಸುತ್ತಿದ್ದುವು. ಗರ್ಭಾಶಯದ ಒಳಪದರದ ಮಾದರಿಯನ್ನು ಮಾತ್ರ ತೆಗೆಯಲೇಬೇಕಾದ ಸಂದರ್ಭಗಳುಂಟು: ಆ ಒಳಪದರವನ್ನು ಹೋಲುವ ಎಂಡೊಮೆಟ್ರಿಯಾಯ್ಡ್ ಜಾತಿಯ ಗಡ್ಡೆಯೊಡನೆ ಗರ್ಭಾಶಯದಲ್ಲಿಯೂ ಕ್ಯಾನ್ಸರು ಏಕಕಾಲದಲ್ಲಿ ಇರಬಹುದು, ಈಸ್ಟ್ರೊಜೆನ್ ಸ್ರವಿಸುವ ಗ್ರಾನ್ಯುಲೋಸ ಗಡ್ಡೆ ಆ ಒಳಪದರವನ್ನು ಅತಿಯಾಗಿ ಬೆಳೆಸಬಹುದು. ಲೋಳೆ ತುಂಬಿದ ಗಡ್ಡೆಯಾದರೆ ಅದು ಜಠರದಿಂದಲೋ ಕರುಳಿನಿಂದಲೋ ಬಂದು ನೆಲಸಿದ್ದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಶಸ್ತ್ರಶಾಲೆಯಲ್ಲಿಯೇ ಅಂಗಾಂಶವನ್ನು ಹೆಪ್ಪುಗಟ್ಟಿಸಿ ನೋಡುವ ಶೀಘ್ರಪರೀಕ್ಷೆ ಉಪಕಾರಿಯಾದರೂ, ಒಂದೊಂದು ಮೂಲೆಯಲ್ಲಿ ಒಂದೊಂದು ಬಗೆಯಾಗಿರುವ ದೊಡ್ಡ ಲೋಳೆಗಡ್ಡೆಗಳಲ್ಲಿ ಅದು ತಪ್ಪುದಾರಿಗೆಳೆಯಬಲ್ಲುದು. ಸಂದೇಹವಿದ್ದಲ್ಲಿ ಕಡಿಮೆ ತೆಗೆದು, ಪೂರ್ಣ ವರದಿಗಾಗಿ ಕಾಯುವುದೇ ಯುವತಿಯ ವಿಷಯದಲ್ಲಿ ಧರ್ಮ. ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಬಹುದು, ತೆಗೆದ ಗರ್ಭಾಶಯವನ್ನು ಮರಳಿಸಲಾಗದು.

ಗಡ್ಡೆಗಳ ಜಾತಿಗಳಲ್ಲಿ ಈ ಚಿಕಿತ್ಸೆಗೆ ಅತ್ಯಂತ ಒಪ್ಪುವುವು ಜನನಕೋಶಗಳಿಂದ ಹುಟ್ಟುವ ಗಡ್ಡೆಗಳು. ಇಪ್ಪತ್ತು ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಕಾಣುವ ಅಂಡಾಶಯದ ಕ್ಯಾನ್ಸರುಗಳಲ್ಲಿ ಇವೇ ಅಧಿಕ; ಡಿಸ್‌ಜರ್ಮಿನೋಮ, ಅಪಕ್ವ ಟೆರಟೋಮ, ಹಳದಿಚೀಲದ ಗಡ್ಡೆ ಮುಖ್ಯ ಪ್ರಭೇದಗಳು. ಇವು ಶೀಘ್ರವಾಗಿ ಬೆಳೆಯುವುದರಿಂದ ಹೊಟ್ಟೆನೋವು ಬೇಗ ಕಾಣಿಸಿಕೊಂಡು, ಬಹುಮಂದಿ ಆರಂಭದಲ್ಲಿಯೇ ವೈದ್ಯರ ಬಳಿಗೆ ಬರುತ್ತಾರೆ. ಡಿಸ್‌ಜರ್ಮಿನೋಮದಲ್ಲಿ ನೂರಕ್ಕೆ 10–15ರಷ್ಟು ಎರಡೂ ಕಡೆ ಇರಬಹುದಾದರೂ, ಉಳಿದವು ಪ್ರಾಯಶಃ ಒಂದೇ ಪಾರ್ಶ್ವದವು. ಹಳದಿಚೀಲದ ಗಡ್ಡೆ ಒಂದು ಕಾಲದಲ್ಲಿ, ಒಂದೇ ಅಂಡಾಶಯದಲ್ಲಿದ್ದರೂ, ಎಲ್ಲವನ್ನೂ ತೆಗೆದರೂ, ಹುಡುಗಿಯರನ್ನು ಬಹುತೇಕ ಕೊಂಡೊಯ್ಯುತ್ತಿದ್ದ ಕ್ರೂರರೋಗ. ಈ ಅಧ್ಯಾಯವನ್ನು ಬದಲಿಸಿದುದು ಶಸ್ತ್ರವಲ್ಲ, ಔಷಧ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್, ವಿದ್ಯುತ್ತಿನಿಂದ ಬ್ಯಾಕ್ಟೀರಿಯಗಳ ಮೇಲಾಗುವ ಪರಿಣಾಮವನ್ನು ನೋಡುತ್ತಿದ್ದಾಗ, ಅವು ವಿಭಜಿಸದೆ ನಿಂತುದಕ್ಕೆ ವಿದ್ಯುತ್ತಲ್ಲ, ವಿದ್ಯುದಗ್ರದಿಂದ ಕರಗಿದ ಪ್ಲಾಟಿನಮ್ ಕಾರಣವೆಂದು ಕಂಡುಕೊಂಡರು. ಅದರಿಂದ ಸಿಸ್‌ಪ್ಲಾಟಿನ್ ಬಂದಿತು. ಜಪಾನಿನ ಹಮಾವೊ ಉಮೆಝಾವ ಬ್ಲಿಯೊಮೈಸಿನ್ನನ್ನು ಕಂಡುಹಿಡಿದರು. ಮೂರನೆಯದಾದ ಎಟೊಪೊಸೈಡ್, ಪೋಡೊಫಿಲಮ್ ಕುಲದ ಗಿಡಗಳ ಸತ್ತ್ವದಿಂದ ಸಿದ್ಧವಾದುದು. ಆ ಕುಲದ ಒಂದು ಗಿಡ ನಮ್ಮ ಹಿಮಾಲಯದ ಎತ್ತರದ ಇಳಿಜಾರುಗಳದು. ಈ ಮೂರೂ ಕೂಡಿದ ಚಿಕಿತ್ಸೆಯಿಂದ ರೋಗ ಬಹುಪಾಲು ಗುಣವಾಗುವುದರಿಂದ, ಮತ್ತು ಬಹುಮಂದಿಯಲ್ಲಿ ಮುಟ್ಟು ಮರಳಿ ಬರುವುದರಿಂದ, ಜನನಕೋಶದ ಗಡ್ಡೆ ಅಂಡಾಶಯವನ್ನು ಮೀರಿ ಹರಡಿದ್ದಾಗಲೂ ಗರ್ಭಾಶಯವನ್ನೂ ಮತ್ತೊಂದು ಅಂಡಾಶಯವನ್ನೂ ಉಳಿಸುವುದು ಇಂದಿನ ರೀತಿ. ಒಂದು-ಎ ಹಂತದ ಡಿಸ್‌ಜರ್ಮಿನೋಮಕ್ಕೂ ಮೊದಲ ದರ್ಜೆಯ ಅಪಕ್ವ ಟೆರಟೋಮಕ್ಕೂ ಶಸ್ತ್ರಚಿಕಿತ್ಸೆಯ ಬಳಿಕ ಎಚ್ಚರದ ನಿರೀಕ್ಷಣೆಯೇ ಸಾಕು. ಹಿಂದೆ ಡಿಸ್‌ಜರ್ಮಿನೋಮಕ್ಕೆ ಕೊಡುತ್ತಿದ್ದ ವಿಕಿರಣ ಚಿಕಿತ್ಸೆ ರೋಗವನ್ನು ಕರಗಿಸುತ್ತಿತ್ತು, ಜೊತೆಗೆ ಉಳಿದ ಅಂಡಾಶಯವನ್ನೂ ಬತ್ತಿಸಿಬಿಡುತ್ತಿತ್ತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಪ್ರಾಯಕ್ಕೆ ಬಂದರೂ ಮುಟ್ಟಾಗದ ಹುಡುಗಿಯಲ್ಲಿ ಇಂತಹ ಗಡ್ಡೆ ಕಂಡರೆ ವರ್ಣತಂತುಗಳನ್ನು ಮೊದಲು ಪರೀಕ್ಷಿಸಬೇಕು, ವೈ ವರ್ಣತಂತುವಿದ್ದರೆ ಅವಿಕಸಿತವಾದ ಎರಡೂ ಗ್ರಂಥಿಗಳನ್ನು ತೆಗೆಯುವುದೇ ಕ್ಷೇಮ.

ಗ್ರಾನ್ಯುಲೋಸ ಗಡ್ಡೆಗಳಲ್ಲಿ ಒಂದು-ಎ ಹಂತವಿದ್ದರೆ ಒಂದು ಪಾರ್ಶ್ವವನ್ನು ತೆಗೆದರೆ ಸಾಕು, ಆದರೆ ಇಪ್ಪತ್ತು ವರ್ಷದ ಮೇಲೂ ಅವು ಮರುಕಳಿಸಿದ ದೃಷ್ಟಾಂತಗಳಿವೆ. ಸಾಧುಗಡ್ಡೆಗೂ ಕ್ಯಾನ್ಸರಿಗೂ ನಡುವಣ ಸೀಮಾವರ್ತಿ ಗಡ್ಡೆಗಳನ್ನು ಹಾವರ್ಡ್ ಟೇಲರ್ 1929ರಲ್ಲಿ ಗುರುತಿಸಿದರು. 1970ರ ದಶಕದಲ್ಲಿ ಅವಕ್ಕೆ ಅಧಿಕೃತವಾದ ಪ್ರತ್ಯೇಕ ಸ್ಥಾನ ದೊರಕಿತು. ಇವುಗಳಲ್ಲಿ ಕೆಲವು ಸಲ ಅಂಡಾಶಯವನ್ನು ಉಳಿಸಿ ಗಡ್ಡೆಯನ್ನಷ್ಟೇ ಸುಲಿದು ತೆಗೆಯುವುದೂ ಉಂಟು. ಮರುಕಳಿಕೆ ಆಗ ಹೆಚ್ಚಾದರೂ, ಅದು ಸಾಮಾನ್ಯವಾಗಿ ಸೀಮಾವರ್ತಿಯಾಗಿಯೇ ಬಂದು ಮತ್ತೆ ತೆಗೆಯಲ್ಪಡುವುದರಿಂದ ಆಯುಷ್ಯಕ್ಕೆ ಧಕ್ಕೆ ವಿರಳ. ಎರಡೂ ಅಂಡಾಶಯಗಳಲ್ಲಿ ಗಡ್ಡೆಯಿರುವ ಯುವತಿಗೆ ಇದು ದೊಡ್ಡ ಆಶ್ರಯ.

ಹೆಚ್ಚು ಚರ್ಚೆಗೆ ಗುರಿಯಾದುದು ಹೊದಿಕೆ ಜೀವಕೋಶಗಳ ಕ್ಯಾನ್ಸರು. ಅದರಲ್ಲಿ ಈ ಚಿಕಿತ್ಸೆ ಸಾಮಾನ್ಯವಾಗಿ ಒಪ್ಪಿಗೆಯಾಗಿರುವುದು ಒಂದು-ಎ ಹಂತದ ಮೊದಲ ಮತ್ತು ಎರಡನೆಯ ದರ್ಜೆಯ ಲೋಳೆಯ, ಎಂಡೊಮೆಟ್ರಿಯಾಯ್ಡ್ ಮತ್ತು ಕೆಳದರ್ಜೆಯ ಸೀರಸ್ ಗಡ್ಡೆಗಳಲ್ಲಿ. ಒಂದು-ಸಿಯ ಮೊದಲ ಉಪವಿಭಾಗಕ್ಕೂ ಅದನ್ನು ವಿಸ್ತರಿಸುವವರು ಅನೇಕರು. ಮೂರನೆಯ ದರ್ಜೆಯಲ್ಲಿ, ಒಂದು-ಸಿಯ ಉಳಿದ ವಿಭಾಗಗಳಲ್ಲಿ, ಸ್ವಚ್ಛಕೋಶದ ಗಡ್ಡೆಯಲ್ಲಿ ಅಭಿಪ್ರಾಯಭೇದವಿದೆ. ಅಮೆರಿಕದ ಜೆ. ಎಂ. ಶಿಲ್ಡರ್ ಮತ್ತಿತರರು 2002ರಲ್ಲಿ ಪ್ರಕಟಿಸಿದ 52 ಸ್ತ್ರೀಯರ ವೃತ್ತಾಂತದಲ್ಲಿ, ಐದು ವರ್ಷಗಳ ಬಳಿಕ ಬದುಕಿರುವವರ ಅಂದಾಜು ಪ್ರಮಾಣ ಶೇಕಡ 98, ಹತ್ತು ವರ್ಷಗಳಿಗೆ ಶೇಕಡ 93; ಮಗುವಿಗಾಗಿ ಪ್ರಯತ್ನಿಸಿದ 24 ಮಂದಿಯಲ್ಲಿ 17 ಮಂದಿ ಗರ್ಭಧರಿಸಿ, 26 ಪೂರ್ಣಾವಧಿಯ ಹೆರಿಗೆಗಳಾದುವು. ಇಟಲಿಯ ರೋಬರ್ಟ್ ಫ್ರುಷೊ ಮತ್ತು ಸಂಗಡಿಗರು 2013ರಲ್ಲಿ ವರದಿಮಾಡಿದ 240 ಸ್ತ್ರೀಯರಲ್ಲಿ ಸುಮಾರು ಒಂಬತ್ತು ವರ್ಷಗಳ ನಿರೀಕ್ಷಣೆಯ ವೇಳೆಗೆ 27 ಮಂದಿಗೆ ರೋಗ ಮರುಕಳಿಸಿತ್ತು, 11 ಮಂದಿ ಅದರಿಂದ ತೀರಿಕೊಂಡಿದ್ದರು. ಬಸಿರಾಗಲು ಯತ್ನಿಸಿದ 105 ಮಂದಿಯಲ್ಲಿ 84 ಮಂದಿಗೆ ಅದು ಕೈಗೂಡಿತು. ಮರುಕಳಿಕೆ ಉಳಿಸಿದ ಅಂಡಾಶಯದಲ್ಲಷ್ಟೇ ಆದರೆ ಮತ್ತೆ ಚಿಕಿತ್ಸೆಯಿಂದ ಉಳಿಯುವ ಭರವಸೆಯುಂಟು. ಮೂರನೆಯ ದರ್ಜೆಯವರಲ್ಲಿ ಅದು ದೂರದ ಅಂಗಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಹಾಗೆ ದೂರಕ್ಕೆ ಹೋಗುವ ರೋಗವನ್ನು ಗರ್ಭಾಶಯವನ್ನು ತೆಗೆದಿದ್ದರೂ ತಡೆಯಬಹುದಾಗಿತ್ತೇ ಎಂಬ ಪ್ರಶ್ನೆ ನ್ಯಾಯವಾದುದು. ಇವೆಲ್ಲವೂ ಹಿಂದಿನ ದಾಖಲೆಗಳನ್ನು ನೋಡಿ ಬರೆದ ವೃತ್ತಾಂತಗಳೆಂಬುದನ್ನೂ, ಉತ್ತಮ ಭವಿಷ್ಯವಿದ್ದವರನ್ನೇ ಈ ಚಿಕಿತ್ಸೆಗೆ ಆರಿಸಿದ್ದಿರಬಹುದೆಂಬುದನ್ನೂ ಮರೆಯಬಾರದು. ಚೀಟಿ ಎತ್ತಿ ಒಬ್ಬಳ ಗರ್ಭಾಶಯವನ್ನು ತೆಗೆದು ಇನ್ನೊಬ್ಬಳದನ್ನು ಉಳಿಸುವ ಪ್ರಯೋಗಕ್ಕೆ ಯಾವ ಸ್ತ್ರೀ ಒಪ್ಪಿಯಾಳು?

1994 ಮತ್ತು 1995ರಲ್ಲಿ ಕ್ರಮವಾಗಿ ಪತ್ತೆಯಾದ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಜೀನ್‌ಗಳ ದೋಷ ವಂಶಾನುಗತವಾಗಿ ಬಂದವರಲ್ಲಿ ಉಳಿಸಿದ ಅಂಡಾಶಯವೇ ಮುಂದೆ ಅಪಾಯಕ್ಕೆಡೆ. ತಾಯಿ, ಅಕ್ಕ, ಸೋದರತ್ತೆಯರಲ್ಲಿ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರಿದ್ದರೆ ಅದನ್ನು ಕೇಳಿ ತಿಳಿದು, ಜೀನ್ ಪರೀಕ್ಷೆ ಮಾಡಿಸಿ, ಮಕ್ಕಳಾದೊಡನೆ ಆ ಅಂಗವನ್ನು ತೆಗೆಯುವ ಯೋಜನೆಯನ್ನು ಮೊದಲೇ ಮಾಡಬೇಕು.

ನಮ್ಮ ದೇಶದ ಸ್ತ್ರೀಯರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ಬಳಿಕ ಅಂಡಾಶಯದ್ದೇ ಮೂರನೆಯ ಸ್ಥಾನ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ವಿಶೇಷ ಆಸ್ಪತ್ರೆಗಳು ಕರ್ನಾಟಕದಲ್ಲಿವೆ. ಆದರೆ ಮೊದಲ ಶಸ್ತ್ರಚಿಕಿತ್ಸೆ ಎಷ್ಟೋ ಸಲ ಅಲ್ಲಿಗೆ ಬರುವ ಮೊದಲೇ, ‘ನೀರುಗಡ್ಡೆ’ ಎಂಬ ಊಹೆಯ ಮೇಲೆ, ಸಣ್ಣ ಊರುಗಳಲ್ಲಿ ನಡೆದುಬಿಡುತ್ತದೆ. ನೀರನ್ನು ಸೂಜಿಯಿಂದ ಹೀರಿ, ಸಿಪ್ಪೆಯನ್ನು ಚೂರುಚೂರಾಗಿ ತೆಗೆದು, ಒಂದು ವಾರದ ಮೇಲೆ ಕ್ಯಾನ್ಸರೆಂಬ ವರದಿ ಬಂದಾಗ, ಒಂದು-ಎ ಆಗಿದ್ದ ರೋಗ ವೈದ್ಯನ ಕೈಯಿಂದಲೇ ಒಂದು-ಸಿ ಆಗಿರುತ್ತದೆ. ಹದಿಹರೆಯದವಳ ಗಡ್ಡೆಯಲ್ಲಿ ಘನಭಾಗವಿದ್ದರೆ ಶಸ್ತ್ರಕ್ಕೆ ಮುನ್ನವೇ ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತದ ಸೂಚಕಗಳನ್ನು ನೋಡಿಸಿದರೆ ಈ ಅನರ್ಥ ಬಹುಮಟ್ಟಿಗೆ ತಪ್ಪುತ್ತದೆ. ಇದಕ್ಕೆ ಪ್ರತಿಯಾದ ಇನ್ನೊಂದು ಅನ್ಯಾಯವೂ ಉಂಟು: ಉದರದ ಕ್ಷಯರೋಗ ಜಲೋದರವನ್ನೂ ಗಡ್ಡೆಯಂತಹ ಊತವನ್ನೂ ಸಿಎ-125 ಎಂಬ ರಕ್ತದ ಸೂಚಕದ ಏರಿಕೆಯನ್ನೂ ತೋರಿ ಅಂಡಾಶಯದ ಕ್ಯಾನ್ಸರನ್ನು ಹೋಲುತ್ತದೆ; ಗರ್ಭಾಶಯದ ಒಳಪದರದಂತಹ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಕೂಡ ಆ ಸೂಚಕವನ್ನು ಏರಿಸಬಲ್ಲುದು. ಮಾತ್ರೆಗಳಿಂದ ಗುಣವಾಗುವ ಕ್ಷಯಕ್ಕಾಗಿ ಯುವತಿಯೊಬ್ಬಳು ಗರ್ಭಾಶಯವನ್ನು ಕಳೆದುಕೊಳ್ಳುವುದು, ಅಂಗಾಂಶವನ್ನು ಪರೀಕ್ಷಿಸದೆ ಮುಂದುವರಿದಲ್ಲಿ, ನಮ್ಮಲ್ಲಿ ಅಸಂಭವವೇನಲ್ಲ.

ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬರೆಸಿಕೊಳ್ಳುವಾಗ ಒಳಗೆ ಏನು ಕಂಡರೆ ಏನು ಮಾಡಲಾಗುವುದೆಂಬುದನ್ನು ರೋಗಿಗೇ ಮೊದಲು ವಿವರಿಸಬೇಕು. ಗಂಡನೂ ಅತ್ತೆಯೂ ತಂದೆಯೂ ಹೊರಗೆ ನಿಂತು ನಿರ್ಧರಿಸಿ, ಯಾರ ದೇಹವೋ ಅವಳಿಗೆ ಕೊನೆಯಲ್ಲಿ ತಿಳಿಸುವ ಪದ್ಧತಿ ಸಲ್ಲದು. ಮದುವೆಯಾಗದ ಹುಡುಗಿಯ ಎದುರಿನಲ್ಲಿ ಮಕ್ಕಳ ವಿಷಯವೆತ್ತಲು ಸಂಕೋಚಪಡುವುದೂ ಸಲ್ಲದು. ಎರಡೂ ಅಂಡಾಶಯಗಳನ್ನು ತೆಗೆಯಬೇಕಾಗಿ ಬಂದರೂ ಗರ್ಭಾಶಯವನ್ನು ಉಳಿಸಬಹುದಾದರೆ, ದಾನವಾಗಿ ಬಂದ ಅಂಡಾಣುವಿನಿಂದ ಬಸಿರಾಗುವ ದಾರಿಯೊಂದು ಉಳಿದಿರುತ್ತದೆ. ಭಾರತದಲ್ಲಿ ಇದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಗೆ ಒಳಪಟ್ಟಿದೆ. ಇಂತಹ ಬಸಿರನ್ನು ಸಾಧ್ಯವಾಗಿಸಿದ ವಿಧಾನದಿಂದ ಮೊದಲ ಪ್ರಣಾಳಶಿಶು ಪ್ರಪಂಚಕ್ಕೆ ಬಂದ 1978ರಲ್ಲಿಯೇ, ಕೆಲವೇ ತಿಂಗಳ ಅಂತರದಲ್ಲಿ, ಕೋಲ್ಕತ್ತದಲ್ಲಿ ಸುಭಾಷ್ ಮುಖೋಪಾಧ್ಯಾಯರು ಅಂತಹ ಶಿಶುವಿನ ಜನನಕ್ಕೆ ಕಾರಣರಾದುದನ್ನೂ, ಅವರ ಕಾಲದ ಅಧಿಕಾರಸ್ಥರು ಅದನ್ನು ನಂಬದೆ ಹೋದುದನ್ನೂ ಇಲ್ಲಿ ನೆನೆಯದಿರಲಾಗದು. ಕೀಮೋಥೆರಪಿಗೆ ಮುನ್ನ ಅಂಡಾಣುಗಳನ್ನು ಶೈತ್ಯದಲ್ಲಿ ಕಾದಿಡುವುದು ಸಮಯವಿದ್ದಲ್ಲಿ ಸಾಧ್ಯ. ಅಂಡಾಶಯದ ತುಣುಕನ್ನೇ ಕಾದಿಟ್ಟು ಮತ್ತೆ ನೆಡುವ ಕ್ರಮ ಮಾತ್ರ, ರೋಗದ ಕೋಶಗಳನ್ನೂ ಮರಳಿ ತಂದೀತೆಂಬ ಭಯದಿಂದ, ಅಂಡಾಶಯದ ಕ್ಯಾನ್ಸರಿನಲ್ಲಿ ವರ್ಜ್ಯಪ್ರಾಯವಾಗಿದೆ.

ಚಿಕಿತ್ಸೆಯ ತರುವಾಯ ಕ್ಲಿಪ್ತಕಾಲಗಳಲ್ಲಿ ಪರೀಕ್ಷೆ, ಅಲ್ಟ್ರಾಸೌಂಡ್, ರಕ್ತದ ಸೂಚಕಗಳು ವರ್ಷಗಳ ಕಾಲ ನಡೆಯಬೇಕು. ಜನನಕೋಶದ ಗಡ್ಡೆಗಳ ಮರುಕಳಿಕೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿಯೇ ಆಗುವುದರಿಂದ, ಬಸಿರನ್ನು ಅಷ್ಟರ ತನಕ ಮುಂದೂಡುವಂತೆ ಹಲವರು ಸಲಹೆ ಮಾಡುತ್ತಾರೆ. ಮೂವತ್ತೈದು ದಾಟಿದವಳಿಗೆ ಕಾಯುವುದೇ ನಷ್ಟವಾದುದರಿಂದ ಅವಧಿಯನ್ನು ಅವಳೊಡನೆಯೇ ಕೂತು ಗೊತ್ತುಪಡಿಸಬೇಕಾಗುತ್ತದೆ. ಮಕ್ಕಳಾದ ಮೇಲೆ ಉಳಿದ ಅಂಡಾಶಯವನ್ನೂ ಗರ್ಭಾಶಯವನ್ನೂ ತೆಗೆದು ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕೇ ಎಂಬುದು ಕೊನೆಯ ಪ್ರಶ್ನೆ: ಜನನಕೋಶದ ಗಡ್ಡೆಗಳಲ್ಲಿ ಅದರ ಅಗತ್ಯವಿಲ್ಲ, ಗ್ರಾನ್ಯುಲೋಸ ಗಡ್ಡೆಯವರಿಗೂ ವಂಶಾನುಗತ ದೋಷವುಳ್ಳವರಿಗೂ ಅದನ್ನು ಹೇಳುವುದು ರೂಢಿ, ಹೊದಿಕೆ ಜೀವಕೋಶಗಳ ಕ್ಯಾನ್ಸರಿನಲ್ಲಿ ಕೆಲವರು ಎಲ್ಲರಿಗೂ ಹೇಳುತ್ತಾರೆ, ಇನ್ನು ಕೆಲವರು ಅಲ್ಟ್ರಾಸೌಂಡಿನಲ್ಲಿ ಏನೂ ಕಾಣದೆ ವರ್ಷಗಳು ಕಳೆದ ಹೆಂಗಸನ್ನು ಅವಳ ಸ್ವಂತ ಹಾರ್ಮೋನುಗಳೊಡನೆ ಸಹಜ ಋತುಬಂಧದ ತನಕ ಬಿಡುತ್ತಾರೆ.